ಬಾಗಿಲು ತೆಗೆಯಬೇಕಾದವರು

೩ ಫೆಬ್ರುವರಿ ೨೦೨೫, ಸೋಮವಾರ

ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ಕಿರಾಣಿ ಚೀಟಿಗಿಂತ ಉದ್ದದ್ದು ನಾನು ಬರೆದಿಲ್ಲ. ಇವತ್ತು ಕೂತಿರುವುದು ಸಿಟ್ಟಿಗೆ. ಬಾಯಲ್ಲಿ ಆಡಿದರೆ ಮನೆಯವರು ಎದ್ದು ಹೋಗುತ್ತಾರೆ. ಕಾಗದ ಎದ್ದು ಹೋಗುವುದಿಲ್ಲ.

ನಡೆದದ್ದು ಇಷ್ಟು. ನನ್ನ ಮಗ ಸುನೀಲನ ಮಗಳು ವಿಜಯಶ್ರೀಗೆ ಐದನೇ ತಿಂಗಳು ಬಿದ್ದಿದೆ. ಅವಳನ್ನು ಕೊಟ್ಟಿರುವುದು ಪುಣೆಗೆ. ಬೀಗತಿ ಗಂಗುಬಾಯಿ ಮೂಲದಲ್ಲಿ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವಳು; ಮೂವತ್ತು ವರ್ಷದಿಂದ ಹಡಪಸರದಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಾಳೆ. ಗುರುವಾರ ಖಾನಾವಳಿಗೆ ರಜೆ ಎಂದು ಜನವರಿ ಮೂವತ್ತರ ಸಂಜೆ ಕುಬಸದ ಕಾರ್ಯ ಇಟ್ಟಳು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಕುಬಸ ತೊಡಿಸಿ, ಉಡಿ ತುಂಬುವುದು ತವರಿನವರ ಕೆಲಸ. ತವರಿನವರು ಅಂದರೆ ನಾವು.

ನನಗೂ ಸುನೀಲನ ಹೆಂಡತಿಗೂ ಬೆಳಗಿನ ಗಾಡಿಯಲ್ಲಿ ಸೀಟು ಕಾದಿರಿಸಿತ್ತು. ಎಸ್ ನಾಲ್ಕನೇ ಡಬ್ಬಿ. ನಮ್ಮ ಕಡೆಯ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ಎರಡು ನಿಮಿಷ ನಿಲ್ಲುತ್ತದೆ. ಅರ್ಧ ಗಂಟೆ ಮುಂಚೆಯೇ ಹೋಗಿ ನಿಂತೆವು. ಗಾಡಿ ಬಂತು. ನಮ್ಮ ಡಬ್ಬಿಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದೆವು. ಆ ತುದಿಯ ಬಾಗಿಲಿಗೆ ಓಡಿದೆವು, ಅದೂ ಹಾಕಿತ್ತು. ಬಾಗಿಲಿನ ಕಿಟಕಿಯಲ್ಲಿ ಒಬ್ಬ ಹೆಂಗಸಿನ ಮುಖ ಕಂಡಿತು. ಗದ್ದದ ಮೇಲೆ ಹಸಿರು ಹಚ್ಚೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆಮೇಲೆ ಒಂದು ಜೋಳದ ಚೀಲವನ್ನು ಎತ್ತಿ ಕಿಟಕಿಗೆ ಅಡ್ಡ ಒತ್ತಿದಳು. ಚೀಲದ ಮೇಲೆ ಕೆಂಪು ಬಣ್ಣದಲ್ಲಿ ‘ಬೀರಲಿಂಗಪ್ಪ, ನೆಲೋಗಿ’ ಎಂದು ಬರೆದಿತ್ತು. ದುಡಿಯಲು ಪುಣೆಗೆ ಹೋಗುವವರು ಚೀಲ ಅದಲು ಬದಲು ಆಗಬಾರದೆಂದು ಹಾಗೆ ಬರೆಸುತ್ತಾರೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಗಾಡಿ ಅಲುಗಿತು.

ಬಸ್ಸಿನಲ್ಲಿ ಸೊಲ್ಲಾಪುರ, ಅಲ್ಲಿಂದ ಇನ್ನೊಂದು ಬಸ್ಸು. ನಾವು ಮುಟ್ಟುವಷ್ಟರಲ್ಲಿ ಗಂಗುಬಾಯಿಯ ತಂಗಿಯೇ ಉಡಿ ತುಂಬಿ, ಜನ ಉಂಡು, ಎಲೆ ಎತ್ತಿ ಆಗಿತ್ತು. ವಿಜಯಶ್ರೀಯ ಕಣ್ಣು ಕೆಂಪಗಿದ್ದವು. ಮರುದಿನ ಹೊರಡುವಾಗ ಗಂಗುಬಾಯಿ ನಾಲ್ಕು ಜನರ ಮುಂದೆ ಅಂದಳು:

“ತವರಿನವರಿಗಿ ಅಮಾಸಿ ದೊಡ್ಡದಾತು, ಮಗಳು ಸಣ್ಣಾಕಿ ಆದ್ಲು. ಹೆರಿಗಿಗಿ ಕಳಸಂಗಿಲ್ರಿ. ನಿಮ್ಮನ್ನ ನಂಬಿ ಬಸುರಿನ್ನ ಕಳಸೂದು ಹ್ಯಾಂಗ?”

ಇಪ್ಪತ್ತೊಂಬತ್ತಕ್ಕೆ ಅವರಾತ್ರಿ ಅಮಾವಾಸ್ಯೆ ಇತ್ತು, ನಿಜ. ಉಡಿಯ ಗಂಟನ್ನು ಅಮಾವಾಸ್ಯೆಯ ದಿನ ಹೊಸ್ತಿಲು ದಾಟಿಸಬಾರದೆಂದು ನಾನೇ ಹೇಳಿದ್ದೆ. ಸುನೀಲನ ಹೆಂಡತಿ ಮಾತ್ರ, ಲಿಂಗ ಕಟ್ಟಿದವರಿಗೆ ಅಮಾಸಿ ಎಲ್ಲಿಯದು, ಒಂದು ದಿನ ಮೊದಲೇ ಹೋಗೋಣ ಎಂದು ಕುಣಿದಳು. ಹೇಳಿದ್ದರಲ್ಲಿ ನನ್ನದೇನೂ ತಪ್ಪಿಲ್ಲ. ಗಾಡಿಯ ಬಾಗಿಲು ತೆರೆದಿದ್ದರೆ ಹೊತ್ತಿಗೆ ಮುಂಚೆಯೇ ಮುಟ್ಟುತ್ತಿದ್ದೆವು.

ಏಳು ತುಂಬುವುದರೊಳಗೆ ಹುಡುಗಿಯನ್ನು ಕರೆತರಬೇಕು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಅಂದರೆ ಏಪ್ರಿಲ್ ಕೊನೆಯವರೆಗೆ ಹೊತ್ತಿದೆ.

೧೦ ಫೆಬ್ರುವರಿ, ಸೋಮವಾರ

ಅಫಜಲಪುರಕ್ಕೆ ಹೋಗಿ ಬಂದೆ. ತಹಸೀಲಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಲಾಡ್ಲೆಸಾಬ ನಲವತ್ತು ವರ್ಷದಿಂದ ಅರ್ಜಿ ಬರೆಯುತ್ತಾ ಕೂತಿದ್ದಾನೆ. ಮರ ಮುದಿಯಾಯಿತು, ಅವನೂ ಆದ. ಅವನ ಹೆಂಡತಿ ಅಮೀರುನ್ನಿಸಾ ನಮ್ಮೂರಿನವಳು, ಹಾಗಾಗಿ ನನಗೆ ಅಕ್ಕೋರ ಎನ್ನುತ್ತಾನೆ.

ಎಲ್ಲ ಕೇಳಿ, ಇದು ಗ್ರಾಹಕರ ಆಯೋಗಕ್ಕೆ ಹೋಗುವ ಸಂಗತಿ ಎಂದ. ಟಿಕೆಟ್ ಕೊಂಡವರೂ ಅಂಗಡಿಯಲ್ಲಿ ಬಟ್ಟೆ ಕೊಂಡವರ ಹಾಗೆಯೇ ಗ್ರಾಹಕರಂತೆ. ಮೊದಲಾದರೆ ಎಲ್ಲಿ ವ್ಯವಹಾರ ನಡೆಯಿತೋ ಅಲ್ಲಿಗೆ ಅಲೆಯಬೇಕಿತ್ತಂತೆ. ಈಗ ನಾವಿರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲ ಬೇಕೆಂದೂ ಇಲ್ಲ, ನಾವೇ ನಿಂತು ಮಾತಾಡಬಹುದು.

ಹಾಗಿದ್ದರೆ ಇದನ್ನು ಯಾರೂ ಯಾಕೆ ಮಾಡುವುದಿಲ್ಲ ಎಂದು ಕೇಳಿದೆ.

“ಹಕ್ಕು ಮನೀ ಬಾಗಲಿಗಿ ಬಂದು ಕೂಗಂಗಿಲ್ರಿ ಅಕ್ಕೋರ. ಹಾಲಿನಾಂವ ಏನು?” ಎಂದ.

ಬರೆದದ್ದನ್ನು ಓದಿ ಹೇಳಿದ. ‘ಅರ್ಜಿದಾರಳು ತೀವ್ರ ಮಾನಸಿಕ ಯಾತನೆಯನ್ನು ಅನುಭವಿಸಿ’ ಎಂದು ಬಂತು. ಯಾತನೆ ಗೀತನೆ ಏನಿಲ್ಲ, ಸಿಟ್ಟು ಅಂತ ಬರಿ ಎಂದೆ. ಸಿಟ್ಟಿಗೆ ಕಾನೂನಿನಲ್ಲಿ ಜಾಗವಿಲ್ಲವಂತೆ. ಯಾತನೆಗೆ ಇದೆಯಂತೆ. ಇರಲಿ.

ಪರಿಹಾರ ಎಂದು ಏನು ಕೇಳಲಿ ಅಂದ. ತಪ್ಪು ನಮ್ಮದಲ್ಲ ಎಂದು ಸರಕಾರಿ ಸಿಕ್ಕೆ ಹೊಡೆದ ಒಂದು ಕಾಗದ ಸಾಕು, ಅದನ್ನು ಗಂಗುಬಾಯಿಯ ಮುಖಕ್ಕೆ ಹಿಡಿಯಬೇಕು ಎಂದೆ. ಅವನು ನಕ್ಕು, ಪದ್ಧತಿಯಂತೆ ಏನು ಬರೆಯಬೇಕೋ ಬರೆದುಕೊಂಡ.

ಚೀಲದ ಮೇಲಿನ ಹೆಸರು ಹೇಳಿದಾಗ ಮಾತ್ರ ಅವನ ಪೆನ್ನು ನಿಂತಿತು. ಒಳಗಿದ್ದವರೇ ಬಂದು, ಬಾಗಿಲು ಹಾಕಿತ್ತು ಎಂದು ಹೇಳಿದರೆ ಕೇಸು ಕಲ್ಲಿನ ಹಾಗೆ ಎಂದ. ಹಾಗಾದರೆ ಆ ಹಚ್ಚೆಯವಳನ್ನು ಕೂದಲು ಹಿಡಿದು ಎಳೆತರುತ್ತೇನೆ.

೧೨ ಫೆಬ್ರುವರಿ

ಸುನೀಲನ ಹೆಂಡತಿ ಅವತ್ತು ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ರೈಲಿನವರ ೧೩೯ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದಳಂತೆ. ನಂಬರು ಬಂದ ಮೆಸೇಜು ಅವಳ ಮೊಬೈಲಿನಲ್ಲಿದೆ. ಇವತ್ತು ಹೇಳುತ್ತಾಳೆ. ಆಗಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಆಗ ಗಾಡಿಗೆ ಬೈಯುತ್ತಿದ್ದಿರಿ, ಆಮೇಲೆ ನನಗೆ ಬೈಯುತ್ತಿದ್ದಿರಿ ಎಂದಳು.

ಲಾಡ್ಲೆಸಾಬ ಅದನ್ನು ನೋಡಿ ಭಾರಿ ಖುಷಿಪಟ್ಟ. ಗಾಡಿ ಬಿಟ್ಟ ಮರುನಿಮಿಷದ ದೂರು ಅಂತೆ. ಅರ್ಜಿಗೆ ಸೇರಿಸಿದ.

೨೧ ಫೆಬ್ರುವರಿ

ಅರ್ಜಿ ದಾಖಲಾಯಿತು. ರೈಲಿನವರಿಗೆ ನೋಟೀಸು ಹೋಗುತ್ತದೆ.

ವಿಜಯಶ್ರೀ ಫೋನ್ ಮಾಡಿದ್ದಳು. ಅತ್ತೆ ಹತ್ತಿರವೇ ಇದ್ದಳೋ ಏನೋ, ಚೆನ್ನಾಗಿದ್ದೇನೆ, ಉಂಡೆ, ಮಲಗಿದೆ, ಇಷ್ಟೇ ಮಾತು. ಶೇಂಗಾ ಹೋಳಿಗೆ ತಿನ್ನಬೇಕು ಅನ್ನಿಸುತ್ತದೆ ಆಯಿ ಎಂದಳು. ಪುಣೆಯಲ್ಲಿ ಶೇಂಗಾ ಸಿಗುವುದಿಲ್ಲವೇ? ಸಿಗುತ್ತದೆ. ಅವಳು ಕೇಳಿದ್ದು ಅದನ್ನಲ್ಲ.

೨೪ ಮಾರ್ಚ್

ರೈಲಿನವರ ಉತ್ತರ ಬಂದಿದೆ ಎಂದು ಲಾಡ್ಲೆಸಾಬ ಕರೆಸಿದ. ಬಾಗಿಲುಗಳು ತೆರೆದೇ ಇದ್ದವಂತೆ. ನಾವೇ ತಡವಾಗಿ ಬಂದೆವಂತೆ. ಒಂದು ವೇಳೆ ಯಾರಾದರೂ ಒಳಗಿನಿಂದ ಹಾಕಿಕೊಂಡಿದ್ದರೂ ಅದು ಪ್ರಯಾಣಿಕರ ಕೆಲಸ, ತಮಗೆ ಸಂಬಂಧವಿಲ್ಲವಂತೆ. ತೆರೆದೇ ಇತ್ತು ಎಂದ ಮೇಲೆ ಹಾಕಿದ್ದರೂ ಎಂಬ ಮಾತು ಎಲ್ಲಿಂದ ಬಂತು ಎಂದು ನಾನು ಕೇಳಿದೆ. ವಕೀಲರು ಹಾಗೆಯೇ ಬರೆಯುವುದು ಎಂದ. ಮಡಕೆ ನಾನು ತಂದೇ ಇಲ್ಲ, ತಂದಾಗಲೇ ಒಡೆದಿತ್ತು ಎಂದ ಹಾಗಾಯಿತು.

ಇನ್ನು ಸಾಕ್ಷಿ ಬೇಕೇ ಬೇಕು. ದುಡಿಯಲು ಹೋದವರು ಯುಗಾದಿಗೆ ಊರಿಗೆ ಬಂದೇ ಬರುತ್ತಾರೆ.

೨ ಏಪ್ರಿಲ್, ಬುಧವಾರ

ನೆಲೋಗಿಗೆ ಹೋಗಿ ಬಂದೆ. ಕಲಬುರಗಿಯಲ್ಲಿ ಒಂದು, ಜೇವರಗಿಯಲ್ಲಿ ಒಂದು ಬಸ್ಸು ಬದಲಿಸಬೇಕು. ಬರಬೇಡ ಎಂದರೂ ಸೊಸೆ ಜಯಮಾಲಾ ಬೆನ್ನು ಹತ್ತಿದಳು. ಆಧಾರ ಕಾರ್ಡ್ ತೋರಿಸಿದರೆ ಬಸ್ಸಿಗೆ ಟಿಕೆಟ್ ಇಲ್ಲ. ಜಗಳಕ್ಕೆ ಹೋಗಲೂ ಸರಕಾರ ಅನುಕೂಲ ಮಾಡಿಕೊಟ್ಟಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತಾ ಹೋದೆ. ಜೇವರಗಿ ಬರುವಷ್ಟರಲ್ಲಿ ಒಳ್ಳೊಳ್ಳೆಯವು ಏಳೆಂಟು ಸಿಕ್ಕಿದ್ದವು.

ಬೀರಲಿಂಗಪ್ಪನ ಮನೆ ಎಂದರೆ ಒಂದೇ ಸಲಕ್ಕೆ ತೋರಿಸಿದರು. ಅವನು ಕಟ್ಟೆಯ ಮೇಲೆ ಕುರಿಯ ಉಣ್ಣೆ ಹಿಂಜುತ್ತಿದ್ದ. ಒಳಗಿನಿಂದ ಅವಳು ಬಂದಳು. ಗದ್ದದ ಹಚ್ಚೆ ಅದೇ. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು, ಆಮೇಲೆ ಒಳಗೆ ಹೋಗಿ ಒಂದು ಚರಿಗೆ ನೀರು ತಂದು ಕಾಲಿಗೆ ಕೊಟ್ಟಳು.

“ಬರ್ರಿ ಯವ್ವಾ. ಎರಡು ತಿಂಗಳಾತು, ನಿಮ್ಮ ಮಾರಿ ಕಣ್ಣಾಗಿಂದ ಹೋಗವಲ್ದು,” ಎಂದಳು.

ಹೀಗೆ ಶುರು ಮಾಡಿದವಳಿಗೆ ಏನು ಬೈಯುವುದು? ಆದರೂ ಕೇಳಿದೆ.

“ಬಾಗ್ಲಾ ಯಾಕ ತಗೀಲಿಲ್ಲ ಬೇ?”

“ನೀವಿಬ್ಬರ ಇದ್ರ ತಗೀತಿದ್ದೆ. ನಿಮ್ಮ ಬೆನ್ನಿಗಿ ಮೂವತ್ತು ನಲವತ್ತು ಮಂದಿ ಇದ್ರು, ನೋಡೀರೇನು? ನನ್ನ ಕಾಲಾಗ ಸೊಸಿ ಮಲಗಿದ್ಲು. ಇಪ್ಪತ್ತು ದಿನದ ಬಾಣಂತಿ. ಕೂಸು ಆಕಿ ಬಗಲಾಗ. ಮಂದಿ ನುಗ್ಗಿದ್ರ ಕೂಸು ಉಳೀತಿತ್ತೇನು?”

ಇಪ್ಪತ್ತು ದಿನದ ಬಾಣಂತಿಯನ್ನು ಯಾಕೆ ಕರೆದುಕೊಂಡು ಹೋದೆ ಎಂದು ಜಯಮಾಲಾ ಕೇಳಿದಳು. ತಡ ಮಾಡಿದರೆ ಗುತ್ತೇದಾರ ಬೇರೆ ಜೋಡಿಯನ್ನು ಕೆಲಸಕ್ಕೆ ಹಚ್ಚುತ್ತಾನಂತೆ. ಇವರ ಹತ್ತಿರ ಇದ್ದದ್ದು ಜನರಲ್ ಟಿಕೆಟ್. ಅಂಥ ಡಬ್ಬಿ ಹಿಂದೆ ಒಂದು, ಮುಂದೆ ಒಂದು. ಎರಡರ ಬಾಗಿಲಲ್ಲೂ ಜನ ಜೋತಾಡುತ್ತಿದ್ದರು. ಹಾಗಾಗಿ ಕಂಡ ಡಬ್ಬಿ ಹತ್ತಿದ್ದರು. ಟಿಕೆಟ್ ನೋಡುವವನಾಗಲಿ ಪೊಲೀಸನಾಗಲಿ, ಇಲ್ಲಿಂದ ಸೊಲ್ಲಾಪುರ ದಾಟುವವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲವಂತೆ.

ಅವಳ ಹೆಸರು ಹಣಮವ್ವ. ಕಲಬುರಗಿಗೆ ಬಂದು ಇಷ್ಟನ್ನೇ ಹೇಳು ಎಂದೆ. ಅವಳು ಗಂಡನ ಕಡೆ ನೋಡಿದಳು. ಯಾವ ಟಿಕೆಟಿನ ಮೇಲೆ ಆ ಡಬ್ಬಿಯಲ್ಲಿ ಇದ್ದೆ ಎಂದು ಮೊದಲು ಅದನ್ನೇ ಕೇಳುತ್ತಾರೆ, ನನ್ನನ್ನೇ ಹಿಡಿಯುತ್ತಾರೆ ಎಂದಳು. ಅದು ಸುಳ್ಳೂ ಅಲ್ಲ.

ಉಣ್ಣದೆ ಕಳಿಸಲಿಲ್ಲ. ರೊಟ್ಟಿ, ಪುಂಡಿಪಲ್ಯ, ಖಾರದ ಹಿಂಡಿ. ಉಣ್ಣುವಾಗ ನಾನೇ ವಿಜಯಶ್ರೀಯ ಸಂಗತಿ ಹೇಳಿದೆ; ಗಂಗುಬಾಯಿಯ ಮಾತನ್ನೂ ಹೇಳಿದೆ. ಹಡಪಸರದ ಆ ಖಾನಾವಳಿಯೇ ಎಂದು ಹಣಮವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಇವರು ಕೆಲಸ ಮಾಡುವ ಕಟ್ಟಡದಿಂದ ಕೂಗಳತೆಯಂತೆ. ನಮ್ಮ ಕಡೆಯ ಕೂಲಿಯವರೆಲ್ಲ ಅಲ್ಲೇ ಉಣ್ಣುತ್ತಾರಂತೆ.

ಜೋಡಿಸಿಕೊಂಡು ಹೋಗಿದ್ದ ಏಳೆಂಟು ಬೈಗುಳ ಹಾಗೆಯೇ ವಾಪಸು ಬಂದವು. ಪುಂಡಿಪಲ್ಯ ಚೆನ್ನಾಗಿತ್ತು.

೩ ಏಪ್ರಿಲ್

ಇದನ್ನು ಲಾಡ್ಲೆಸಾಬ ಓದಬಾರದು.

ನಾನೂ ಹಾಗೆ ಮಾಡಿದ್ದೇನೆ. ಸುನೀಲ ಸಣ್ಣವನಿದ್ದಾಗ ನಮ್ಮ ಓಣಿಯ ಹೆಂಗಸರೆಲ್ಲ ಶೇಂಗಾ ಚೀಲ ಹೊತ್ತು ಸೊಲ್ಲಾಪುರದ ಬಜಾರಿಗೆ ರೈಲಿನಲ್ಲಿ ಹೋಗುತ್ತಿದ್ದೆವು. ಹತ್ತಿದ ಮೇಲೆ ಮೊದಲ ಕೆಲಸ ಚೀಲವನ್ನು ಬಾಗಿಲಿಗೆ ಅಡ್ಡ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂರುವುದು. ಮುಂದಿನ ಸ್ಟೇಷನ್ನಿನಲ್ಲಿ ಯಾರು ಬಡಿದರೂ ‘ಜಾಗಾ ಇಲ್ಲ, ಮುಂದ ಹೋಗ್ರಿ’. ಬಡಿಯುವವರಿಗೆ ಹಾಗೆ ಹೇಳಿ ಒಳಗೆ ನಗುತ್ತಿದ್ದೆವು ಕೂಡ. ಹಾಗೆ ಮಾಡಬೇಕೆಂದು ಯಾರೂ ಕಲಿಸಿದ್ದಲ್ಲ. ಒಳಗೆ ಬಂದವರ ಧರ್ಮ ಅದು ಎಂದುಕೊಂಡಿದ್ದೆವು.

ನಾನು ಯಾರ್‍ಯಾರ ಕುಬಸ ತಪ್ಪಿಸಿದ್ದೇನೋ.

ಹಣಮವ್ವನಿಗೆ ಫೋನ್ ಮಾಡಿಸಿ, ಕಲಬುರಗಿಗೆ ಬರುವುದು ಬೇಡ ಎಂದು ಹೇಳಿಸಿದೆ.

೧೬ ಏಪ್ರಿಲ್, ಬುಧವಾರ

ಇವತ್ತಿನದು ಉದ್ದ ಬರೆಯಬೇಕು. ಕಲಬುರಗಿಯಲ್ಲಿ ವಿಚಾರಣೆ ಇತ್ತು. ಎದುರಿಗೆ ಎತ್ತರದ ಕುರ್ಚಿಯಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಒಬ್ಬರು ಹೆಣ್ಣುಮಗಳು ಸದಸ್ಯರು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಲಾಡ್ಲೆಸಾಬ ಹಿಂದಿನ ಬೆಂಚಿನಲ್ಲಿ, ಜಯಮಾಲಾ ನನ್ನ ಬಗಲಲ್ಲಿ. ಅಮ್ಮಾ, ನೀವೇ ಹೇಳಿ ಎಂದು ಅಧ್ಯಕ್ಷರು ಅಂದರು. ಹೇಳಿದೆ.

ರೈಲಿನವರ ವಕೀಲ ಎಳೆಯ ವಯಸ್ಸಿನವನು, ಮರ್ಯಾದೆಯಿಂದಲೇ ಮಾತಾಡಿದ. ಕಾರ್ಯ ಅಷ್ಟು ಮುಖ್ಯವಾಗಿದ್ದರೆ ಒಂದು ದಿನ ಮೊದಲೇ ಯಾಕೆ ಹೊರಡಲಿಲ್ಲ ಎಂದು ಕೇಳಿದ.

“ಅಮಾಸಿ ಇತ್ರಿ,” ಎಂದೆ.

ಕೂತವರು ನಕ್ಕರು. ಅವನೂ ನಕ್ಕ. ನಗುವಂಥದ್ದೇ.

“ನಗ್ರಿ. ಅಮಾಸಿ ನನ್ನ ತಪ್ಪು. ಬಾಗ್ಲಾ ನನ್ನ ತಪ್ಪಲ್ಲ.”

ಯಾಕೋ ಜಯಮಾಲಾ ತಿರುಗಿ ನನ್ನ ಮುಖವನ್ನೇ ನೋಡಿದಳು. ಏನು ಬೇಕಿತ್ತೋ. ನೋಡು, ಅವರ ಕಡೆ ನೋಡು ಎಂದು ಮೊಣಕೈಯಿಂದ ತಿವಿದೆ.

ಬಾಗಿಲು ಹಾಕಿದವರು ಯಾರು ಎಂದು ಅಧ್ಯಕ್ಷರು ಕೇಳಿದರು. ಒಬ್ಬ ಹೆಂಗಸು ಎಂದೆ. ನೋಡಿದ್ದೀರಾ? ನೋಡಿದ್ದೇನೆ. ಹೆಸರು ಗೊತ್ತೇ?

ಹೆಸರು ಹೇಳಿದರೆ ಕೇಸು ಕಲ್ಲಿನ ಹಾಗೆ ಎಂದು ಲಾಡ್ಲೆಸಾಬ ಫೆಬ್ರುವರಿಯಿಂದ ಹೇಳುತ್ತಲೇ ಇದ್ದಾನೆ. ಕಲ್ಲಿನ ಹಾಗೆ ಆದರೆ ಕಾಗದ ಸಿಗುತ್ತದೆ, ಕಾಗದ ಸಿಕ್ಕರೆ ಹುಡುಗಿ ಬರುತ್ತಾಳೆ, ಬರಲು ಇನ್ನು ಹದಿನಾಲ್ಕೇ ದಿನ. ಇದೆಲ್ಲ ಗೊತ್ತಿತ್ತು.

“ಗೊತ್ತದ್ರಿ. ಹೇಳಂಗಿಲ್ಲ. ನಾ ಫಿರ್ಯಾದಿ ಕೊಟ್ಟಿದ್ದು ಬಾಗ್ಲಾ ಹಾಕಿದಾಕಿ ಮ್ಯಾಲ ಅಲ್ರಿ, ತಗೀಬೇಕಾದವರ ಮ್ಯಾಲ.”

ಹಿಂದೆ ಲಾಡ್ಲೆಸಾಬ ಹಣೆಗೆ ಕೈ ಹಚ್ಚಿ ಕೂತಿದ್ದನಂತೆ. ಹೆಸರಿಲ್ಲದೆ, ಸಾಕ್ಷಿಯಿಲ್ಲದೆ, ಬರೀ ನಿಮ್ಮ ಮಾತಿನ ಮೇಲೆ ನಾವು ಹೇಗೆ ತೀರ್ಮಾನ ಮಾಡುವುದಮ್ಮಾ ಎಂದು ಅಧ್ಯಕ್ಷರು ಕೇಳಿದರು. ಟಿಕೆಟ್ ಎತ್ತಿ ತೋರಿಸಿದೆ.

ಆಗ ಆ ಹೆಣ್ಣುಮಗಳು, ದೂರು ಕೊಟ್ಟ ಮೊಬೈಲು ತಂದಿದ್ದೀರಾ ಎಂದರು. ಜಯಮಾಲಾ ಕೊಟ್ಟಳು. ಅವರು ಮೆಸೇಜುಗಳನ್ನು ನೋಡುತ್ತಾ ನೋಡುತ್ತಾ ಕೆಳಕ್ಕೆ ಸರಿಸಿದರು. ದೂರಿನ ನಂಬರು ಬಂದ ನಾಲ್ಕು ತಾಸಿನ ಮೇಲೆ ಇನ್ನೊಂದು ಮೆಸೇಜು ಬಂದಿತ್ತು, ಇಂಗ್ಲೀಷಿನದು. ದೂರು ಮುಗಿಯಿತು ಎಂದಿರಬೇಕೆಂದು ಜಯಮಾಲಾ ಅದನ್ನು ಪೂರ್ತಿ ಓದಿರಲಿಲ್ಲ. ಲಾಡ್ಲೆಸಾಬನಿಗೆ ಕನ್ನಡ ಬರುತ್ತದೆ, ಉರ್ದು ಬರುತ್ತದೆ, ಅದು ಬರುವುದಿಲ್ಲ. ಅವರು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು: ಡಬ್ಬಿಯಲ್ಲಿ ಹೆಚ್ಚಿನ ಜನ ತುಂಬಿದ್ದರಿಂದ ಬಾಗಿಲು ಮುಚ್ಚಿತ್ತು, ಸೊಲ್ಲಾಪುರ ದಾಟಿದ ಮೇಲೆ ನಮ್ಮ ಸಿಬ್ಬಂದಿ ಹೋಗಿ ತೆಗೆಸಿದ್ದಾರೆ.

ಆಮೇಲೆ ವಕೀಲನ ಕಡೆ ತಿರುಗಿ, ತೆರೆದೇ ಇದ್ದ ಬಾಗಿಲನ್ನು ಸೊಲ್ಲಾಪುರದ ಆಚೆ ಮತ್ತೆ ಹೇಗೆ ತೆಗೆಸಿದಿರಿ ಎಂದು ಕೇಳಿದರು. ಅವನು ತನ್ನ ಫೈಲು ತಿರುವಿದ. ಬಹಳ ಹೊತ್ತು ತಿರುವಿದ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ.

ಆದೇಶಕ್ಕೆ ಜೂನ್ ಕೊನೆಯ ತಾರೀಖು ಕೊಟ್ಟರು.

ಜೂನ್ ಎಂದರೆ ಕೂಸು ಹುಟ್ಟಿಯೇ ಇರುತ್ತದೆ, ಪುಣೆಯಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಜಯಮಾಲಾ ಕಬ್ಬಿನ ಹಾಲು ತಂದು ಕೊಟ್ಟಳು, ಕುಡಿದೆ. ಅವಳ ಮಗಳು, ಅವಳಿಗೆ ನನಗಿಂತ ಹೆಚ್ಚು ನೋವು ಇದ್ದೀತು ಎಂದು ಇವತ್ತು ಹೊಳೆಯಿತು. ಲಾಡ್ಲೆಸಾಬ ಅಫಜಲಪುರದವರೆಗೂ, ಒಂದು ಹೆಸರು ಅಕ್ಕೋರ, ಒಂದೇ ಹೆಸರು, ಎನ್ನುತ್ತಾ ಬಂದ.

೨೧ ಏಪ್ರಿಲ್, ಸೋಮವಾರ

ಮಧ್ಯಾಹ್ನ ವಿಜಯಶ್ರೀಯ ಫೋನು. ಈ ಸಲ ಮಾತು ನಿಲ್ಲಲೇ ಇಲ್ಲ.

ನಿನ್ನೆ ಊಟದ ಹೊತ್ತಿಗೆ ಖಾನಾವಳಿಗೆ ಒಬ್ಬ ಹೆಂಗಸು ಬಂದಳಂತೆ, ಸಿಮೆಂಟು ಹತ್ತಿದ ಸೀರೆ, ಗದ್ದದ ಮೇಲೆ ಹಚ್ಚೆ. ಪಂಕ್ತಿಯಲ್ಲಿ ಕೂರದೆ, ಮಾಲಕೀಣರು ಯಾರು ಎಂದು ಕೇಳಿದಳಂತೆ. ಗಂಗುಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಉಣ್ಣುವವರೆಲ್ಲ ಕೇಳುವ ಹಾಗೆ ಅವಳು ಹೇಳಿದ್ದನ್ನು ವಿಜಯಶ್ರೀ ಹಾಗೆಯೇ ನನಗೆ ಒಪ್ಪಿಸಿದಳು:

“ಯವ್ವಾ, ಆ ಹಿರೇರು ಹೊತ್ತಿಗಿ ಮೊದಲ ಬಂದು ಬಾಗ್ಲಾ ಬಡಿದ್ರು. ಚೀಲ ಅಡ್ಡ ಇಟ್ಟಾಕಿ ನಾನು. ಬೈಯೂದಿದ್ರ ನನಗ ಬೈರಿ. ಕಚೇರಿನ್ಯಾಗ ನನ್ನ ಹೆಸರು ಹೇಳಿದ್ರ ಅವರು ಗೆಲ್ತಿದ್ರಂತ. ಹೇಳಿಲ್ಲ.”

ಹೆಸರು ಹೇಳದಿದ್ದದ್ದು ಅವಳಿಗೆ ಹೇಗೆ ತಿಳಿಯಿತು? ಜಯಮಾಲಾ ಫೋನ್ ಮಾಡಿ ಹೇಳಿದ್ದಾಳೆ, ಇನ್ನಾರು. ಕೇಳಿದರೆ ಒಲೆ ಊದುತ್ತಾ ಕೂತಳು.

ಗಂಗುಬಾಯಿ ಬೈಯಲಿಲ್ಲವಂತೆ. ಉಂಡೇನು ಬೇ ಎಂದು ಕೇಳಿ, ಕೂಡಿಸಿ, ಬಿಸಿ ರೊಟ್ಟಿ ತಾನೇ ಬಡಿಸಿದಳಂತೆ. ಸಂಜೆ ಸೊಸೆಗೆ, ಅರಿವೆ ಕಟ್ಟಿಕೋ, ಏಳು ತುಂಬುವುದರೊಳಗೆ ಹೋಗು ಎಂದಳಂತೆ. ನನಗೆ ಫೋನ್ ಮಾಡಲಿಲ್ಲ. ನಾನಾದರೂ ಮಾಡುತ್ತಿರಲಿಲ್ಲ.

೨೩ ಏಪ್ರಿಲ್

ಮೊಮ್ಮಗಳ ಗಂಡ ಕಲ್ಯಾಣಕುಮಾರ ತಾನೇ ಕರೆತರುತ್ತಾನೆ. ಟಿಕೆಟ್ ೨೭ರ ಭಾನುವಾರಕ್ಕೆ ಮಾತ್ರ ಸಿಕ್ಕಿದೆ. ಅವತ್ತು ಅಮಾಸಿ ಅದ ನೋಡ್ರಿ ಅತ್ತಿ ಎಂದು ಜಯಮಾಲಾ ಹೆದರುತ್ತಾ ಹೇಳಿದಳು. ಸಿಕ್ಕ ಟಿಕೆಟ್ ಯಾರಾದರೂ ಬಿಡುತ್ತಾರೇನು ಎಂದೆ. ಶೇಂಗಾ ಹುರಿಯಬೇಕು, ಬೆಲ್ಲ ತರಿಸಬೇಕು, ಸುಣ್ಣ ಬಳಿಯದೆ ಉಳಿದ ಗೋಡೆ ಒಂದಿದೆ. ಬರೆಯಲು ಹೊತ್ತಿಲ್ಲ.

೨೭ ಏಪ್ರಿಲ್

ಬಂದಳು. ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ. ಸ್ಟೇಷನ್ನಿನಿಂದಲೇ ಹೋಳಿಗೆ ಎಲ್ಲಿ ಎಂದು ಕೇಳುತ್ತಾ ಬಂದಳು.

೫ ಜೂನ್, ಗುರುವಾರ

ಬೆಳಗಿನ ಹತ್ತಕ್ಕೆ ಅಫಜಲಪುರದ ದವಾಖಾನೆಯಲ್ಲಿ, ದಿನಕ್ಕಿಂತ ತುಸು ಮುಂಚೆಯೇ, ಹೆಣ್ಣು ಕೂಸು. ತಾಯಿ ಮಗಳು ಚೆಂದ ಇದ್ದಾರೆ. ಕೂಸಿನ ದನಿ ಜೋರು. ನನ್ನ ಹಾಗೆ ಎಂದು ಸುನೀಲ ಅಂದ. ಬೈಗುಳವೋ ಹೊಗಳಿಕೆಯೋ ಕೇಳಲಿಲ್ಲ.

೨೫ ಜೂನ್, ಬುಧವಾರ

ತೊಟ್ಟಿಲ ಕಾರ್ಯಕ್ಕೆ ಬಂದ ಗಂಗುಬಾಯಿ ನಾಲ್ಕು ದಿನದಿಂದ ಇಲ್ಲೇ ಇದ್ದಾಳೆ. ನನ್ನ ಒಲೆಯ ಹತ್ತಿರ ಕೂತು ನನ್ನ ರೊಟ್ಟಿ ದಪ್ಪ ಎನ್ನುತ್ತಾಳೆ. ಅವಳ ರೊಟ್ಟಿ ಮಾರುವ ರೊಟ್ಟಿ, ನನ್ನದು ಉಣ್ಣುವ ರೊಟ್ಟಿ ಎಂದೆ. ಇಬ್ಬರಿಗೂ ಸಮಾಧಾನವಾಯಿತು.

ಇವತ್ತು ಲಾಡ್ಲೆಸಾಬ ಬಿಸಿಲಲ್ಲಿ ಮೋಟಾರ್ ಸೈಕಲ್ಲಿನ ಹಿಂದೆ ಕೂತು ತಾನೇ ಬಂದ. ಕೈಯಲ್ಲಿ ಆದೇಶ. ಸಿಕ್ಕೆ ನೋಡಿದೆ, ನೀಲಿ ಬಣ್ಣದ್ದು, ದುಂಡಗೆ. ಗಂಗುಬಾಯಿ ಅಂಗಳದಲ್ಲಿ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು.

“ಏನ್ರಿ ಅದು ಕಾಗದ?” ಎಂದಳು.

“ರೈಲಿಂದು,” ಎಂದೆ.

ಓದಿ ಎಂದಳು. ಜಯಾ ಓದಿದಳು. ಕಾದಿರಿಸಿದ ಟಿಕೆಟ್ ಮಾರಿದ ಮೇಲೆ ಟಿಕೆಟಿನವರು ಡಬ್ಬಿಯೊಳಗೆ ಹೋಗುವ ಹಾಗೆ ನೋಡಿಕೊಳ್ಳುವುದು ಟಿಕೆಟ್ ಮಾರಿದವರ ಹೊಣೆ. ಇನ್ನೊಬ್ಬ ಪ್ರಯಾಣಿಕ ಬಾಗಿಲು ಹಾಕಿದ ಎನ್ನುವುದು ಉತ್ತರವಲ್ಲ. ಅರ್ಜಿದಾರಳು ಹೊತ್ತಿಗೆ ಸರಿಯಾಗಿ ಸ್ಟೇಷನ್ನಿನಲ್ಲಿದ್ದದ್ದು ನಿಜ. ಅವಳ ಕಡೆಯಿಂದ ತಪ್ಪಿಲ್ಲ. ಪರಿಹಾರ ಇಷ್ಟು, ಖರ್ಚು ಇಷ್ಟು, ಇಷ್ಟು ದಿನದೊಳಗೆ.

ಇದರ ಸಲುವಾಗಿ ನಾಲ್ಕು ತಿಂಗಳು ಓಡಾಡಿದ್ದು. ಈ ಹೊತ್ತಿಗೆಂದು ಗಂಗುಬಾಯಿಗೆ ಆಡಬೇಕಾದ ಮಾತು ಫೆಬ್ರುವರಿಯಲ್ಲೇ ಕಾಯಿಸಿ ಇಟ್ಟಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಎಣ್ಣೆ ಕೈ ಕೂಸಿನ ಬೆನ್ನ ಮೇಲೆ ನಿಂತಿತ್ತು.

“ನೀರು ಆರಾಕತ್ತಾವ. ಕೂಸಿಗಿ ಎರೀರಿ,” ಎಂದೆ.

ಲಾಡ್ಲೆಸಾಬನಿಗೆ ಎರಡು ಹೋಳಿಗೆ ಹೆಚ್ಚು ಹಾಕಿದೆ. ಕಾಗದ ಜಯಾಳ ಹತ್ತಿರ ಇದೆ, ಎಲ್ಲಿಟ್ಟಳೋ.

೨೬ ಜೂನ್, ಗುರುವಾರ

ಗಂಗುಬಾಯಿ ಹೊರಟಳು. ಸುನೀಲ ಸ್ಟೇಷನ್ನಿಗೆ ಬಿಟ್ಟು ಬರುತ್ತಾನೆ ಎಂದು ನಾನು ಅಂಗಳದಲ್ಲೇ ವಿಭೂತಿ ಹಚ್ಚಿ, ಉಡಿ ತುಂಬಿದೆ. ಅವಳು ಮೆಟ್ಟಿಲಿಳಿದವಳು ನಿಂತಳು.

“ನೀವೂ ಬರ್ರಿ ಬೀಗರ.”

“ನಾ ಯಾಕ್ರಿ?”

“ಬಾಗ್ಲಾ ಹಾಕಿದ್ರ ನಿಮ್ಮ ಬಾಯಿ ಬೇಕಾಗ್ತದ.”

ಸೀರೆ ಬದಲಿಸಿ ಜೀಪು ಹತ್ತಿದೆ. ದಾರಿಯಲ್ಲಿ ಅವಳು ಅವತ್ತಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿಟ್ಟಿನ ಗಿರಣಿಯವರು ಮಾಡುವ ಮೋಸದ ಬಗ್ಗೆ ಸ್ಟೇಷನ್ನಿನವರೆಗೂ ಇಬ್ಬರೂ ಬಾಯಿ ತುಂಬ ಮಾತಾಡಿದೆವು.

ಗಾಡಿ ಬಂತು. ಅವಳ ಡಬ್ಬಿಯ ಬಾಗಿಲು ತೆರೆದಿತ್ತು. ಟಿಕೆಟ್ ನೋಡುವ ಕಪ್ಪು ಕೋಟಿನವನೊಬ್ಬ ಕೆಳಗೇ ನಿಂತಿದ್ದ. ಗಂಗುಬಾಯಿ ಹತ್ತಿದಳು, ಗಂಟು ಕೊಟ್ಟೆ, ತೊಗರಿಬೇಳೆಯ ಚೀಲ ಕೊಟ್ಟೆ. ಎರಡು ನಿಮಿಷದಲ್ಲಿ ಇನ್ನೂ ಒಂದು ಉಳಿದಿತ್ತು. ನಾನು ಬಂದದ್ದೇ ದಂಡ ಎನ್ನಿಸುವಷ್ಟರಲ್ಲಿ ಹಿಂದಿನ ತುದಿಯ ಕಡೆ ಕಣ್ಣು ಹೋಯಿತು. ಜನರಲ್ ಡಬ್ಬಿಯ ಮುಂದೆ ಹತ್ತಿಪ್ಪತ್ತು ಜನ, ತಲೆಯ ಮೇಲೆ ಚೀಲ, ಬಾಗಿಲು ಬಡಿಯುತ್ತಿದ್ದರು. ಒಬ್ಬಳ ಬಗಲಲ್ಲಿ ಕೂಸಿತ್ತು.

ಕಪ್ಪು ಕೋಟಿನವನ ತೋಳು ಹಿಡಿದೆ. ಅದು ನನ್ನ ಡಬ್ಬಿ ಅಲ್ಲಮ್ಮಾ ಎಂದ. ನನ್ನದೂ ಅಲ್ಲ, ನಡಿ ಎಂದೆ.

ಗಂಗುಬಾಯಿ ಕಿಟಕಿಯಿಂದ ಬಹಳ ಹೊತ್ತು ಕೈ ಬೀಸುತ್ತಿದ್ದಳು ಎಂದು ಸುನೀಲ ಆಮೇಲೆ ಹೇಳಿದ. ನಾನು ನೋಡಲಿಲ್ಲ. ಕೆಲಸವಿತ್ತು.